ಗೀಳುರೋಗದ ಮಕ್ಕಳು: ಗುಣವನ್ನು ಅಳೆಯುವ ಬಗೆ

ಕನ್ನಡದಲ್ಲಿ 'ಗೀಳು' ಎಂಬುದೊಂದು ಮಾತುಂಟು. ಸಿನಿಮಾ ನೋಡುವ ಗೀಳು, ಇಸ್ಪೀಟಿನ ಗೀಳು, ಹಳೆಯ ನಾಣ್ಯಗಳನ್ನು ಕೂಡಿಡುವ ಗೀಳು ಎಂದೆಲ್ಲ ನಾವು ಆಡುತ್ತೇವೆ. ಈ ಪ್ರಯೋಗಗಳಲ್ಲೆಲ್ಲ ಒಂದು ಸಮಾನಾಂಶವಿದೆ. ಗೀಳು ಹತ್ತಿದವನಿಗೆ ಅದು ಸುಖವನ್ನೇ ಕೊಡುತ್ತದೆ, ತೊಂದರೆಯೇನಿದ್ದರೂ ಮನೆಯವರಿಗೆ. ಮನೋವೈದ್ಯರು ಇದೇ ಮಾತನ್ನು ಒಂದು ಕಾಯಿಲೆಗೆ ಹೆಸರಾಗಿಟ್ಟು 'ಗೀಳು ಮನೋರೋಗ' ಎಂದಾಗ ಅರ್ಥ ತಿರುಗುಮುರುಗಾಯಿತು. ಇಲ್ಲಿ ಗೀಳು ಹಿಡಿದವನಿಗೆ ಸುಖದ ಲೇಶವೂ ಇಲ್ಲ. ಬೇಡವೆಂದರೂ ಬರುವ ಒಂದು ಆಲೋಚನೆ. ಆ ಆಲೋಚನೆ ಎಬ್ಬಿಸುವ ಭಯ. ಆ ಭಯವನ್ನು ಅಡಗಿಸುವುದಕ್ಕಾಗಿ ಮತ್ತೆ ಮತ್ತೆ ಮಾಡಲೇಬೇಕೆನ್ನಿಸುವ ಒಂದು ಕ್ರಿಯೆ. ರೋಗದ ಸ್ವರೂಪ ಸ್ಥೂಲವಾಗಿ ಇಷ್ಟೆ. ಆದರೆ ಇಷ್ಟರಲ್ಲೇ ಒಂದು ಮಗುವಿನ ಹಗಲೆಲ್ಲ ಕಳೆದುಹೋಗಬಹುದು.

ಇದು ದೊಡ್ಡವರ ಕಾಯಿಲೆ, ಮಕ್ಕಳಲ್ಲಿ ಅಪರೂಪ ಎಂದು ಬಹುಕಾಲ ತಿಳಿಯಲಾಗಿತ್ತು. ಹಾಗಲ್ಲವೆಂಬುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಪಷ್ಟವಾಯಿತು. ಕೈತೊಳೆಯುವುದನ್ನು ನಿಲ್ಲಿಸಲಾರದ ಹುಡುಗನ ವಿಚಾರವಾಗಿ ಅಮೆರಿಕದ ಮನೋವೈದ್ಯೆ ಜೂಡಿತ್ ರಾಪೊಪೋರ್ಟ್ ಅವರು 1989ರಲ್ಲಿ ಪ್ರಕಟಿಸಿದ ಗ್ರಂಥವು ಸಾಮಾನ್ಯ ಓದುಗರಿಗೂ ಈ ಸಂಗತಿಯನ್ನು ಮುಟ್ಟಿಸಿತು. ನೂರು ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಈ ತೊಂದರೆಯಿರಬಹುದೆಂದು ತಜ್ಞರ ಅಂದಾಜು. ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಚಿಕಿತ್ಸೆ ಮೊದಲಾದ ಕೆಲವೇ ದಿನಗಳಲ್ಲಿ ತಂದೆತಾಯಿಗಳನ್ನು ಒಂದು ಪ್ರಶ್ನೆ ಕಾಡತೊಡಗುತ್ತದೆ. ಮಗು ಗುಣವಾಗುತ್ತಿದೆಯೆ, ಇಲ್ಲವೆ? ಜ್ವರ ಇಳಿಯಿತೆಂಬುದನ್ನು ಥರ್ಮಾಮೀಟರು ಹೇಳುತ್ತದೆ. ಮುರಿದ ಮೂಳೆ ಕೂಡಿತೆಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಮನಸ್ಸಿನ ಒಳಗಿನ ಭಯ ಇಳಿಯಿತೆಂಬುದನ್ನು ಯಾವುದು ಹೇಳಬೇಕು?

ಈ ಪ್ರಶ್ನೆಗೆ ತಪ್ಪು ಉತ್ತರ ದೊರೆತರೆ ನಷ್ಟ ಚಿಕ್ಕದಲ್ಲ. ಗುಣವಾಯಿತೆಂದು ಭ್ರಮಿಸಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರುಂಟು. ಗುಣದ ದಾರಿಯಲ್ಲಿರುವ ಮಗುವನ್ನೇ 'ಏನೂ ಪ್ರಯೋಜನವಾಗಲಿಲ್ಲ' ಎಂದು ನಿರಾಶರಾಗಿ ಮನೆಗೆ ಕರೆತಂದವರೂ ಉಂಟು. ಆದ್ದರಿಂದ ಗುಣವನ್ನು ಅಳೆಯುವ ಬಗೆ ಯಾವುದೆಂಬುದನ್ನು ಇಂದು ವಿಚಾರಮಾಡೋಣ. ನಾನು ವೈದ್ಯನಲ್ಲ, ಕನ್ನಡದ ಅಧ್ಯಾಪಕ. ಆದರೆ ಮೌಲ್ಯಮಾಪನವೆಂಬುದು ನನ್ನ ವೃತ್ತಿಯ ಅರ್ಧಭಾಗವಾಗಿತ್ತು. ಉತ್ತರಪತ್ರಿಕೆಯ ಮೇಲಿನ ಒಟ್ಟು ಅಂಕ ವಿದ್ಯಾರ್ಥಿಯ ವಿಷಯವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ಚಿಂತೆ ನನಗೆ ಹೊಸದಲ್ಲ. ಆ ದೃಷ್ಟಿಯಿಂದಲೇ, ತಜ್ಞರು ಬರೆದದ್ದನ್ನು ಓದಿ ತಿಳಿದಷ್ಟನ್ನು, ಇಲ್ಲಿ ಹೇಳುತ್ತೇನೆ.

ವಿವರಣೆಗಾಗಿ ಏಳನೆಯ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಹೊರಗಿನಿಂದ ಬಂದ ಕೊಳೆ ತನ್ನ ಕೈಯಿಂದ ತಾಯಿಗೆ ತಗಲಿ ಆಕೆಗೆ ಕಾಯಿಲೆಯಾಗುತ್ತದೆ ಎಂಬುದು ಅವನ ಭಯ. ಶಾಲೆಯಿಂದ ಬಂದೊಡನೆ ಬಚ್ಚಲಮನೆ ಸೇರಿ ಮುಕ್ಕಾಲು ಗಂಟೆ ಕೈ ತೊಳೆಯುತ್ತಾನೆ. ಬೆರಳುಗಳ ಚರ್ಮ ಸುಲಿದಿದೆ. ಬರೆಯಲು ಕುಳಿತರೆ ಅಕ್ಷರ ಸರಿಯಾಗಲಿಲ್ಲವೆಂದು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಡಿಗೆಮನೆಗೆ ಬಂದು, "ಅಮ್ಮಾ, ನಿನಗೇನೂ ಆಗೋಲ್ಲ ಅಲ್ವಾ?" ಎಂದು ಕೇಳುತ್ತಾನೆ. "ಇಲ್ಲ ಮಗು, ಏನೂ ಆಗೋಲ್ಲ" ಎಂದು ತಾಯಿ ಹೇಳಿದರೆ ಒಂದು ಗಳಿಗೆ ಸಮಾಧಾನ. ಮತ್ತೆ ಅದೇ ಪ್ರಶ್ನೆ. ತನ್ನ ಭಯಕ್ಕೆ ಅರ್ಥವಿಲ್ಲವೆಂಬುದು ಅವನಿಗೂ ಮಸುಕಾಗಿ ಗೊತ್ತು. ಆದರೆ ಗೊತ್ತಿದ್ದ ಮಾತ್ರಕ್ಕೆ ಭಯ ಬಿಡುವುದಿಲ್ಲ.

ಇಂಥ ಮಗುವಿಗೆ ಕೊಡುವ ಚಿಕಿತ್ಸೆಯ ಸ್ವರೂಪವನ್ನು ಅರಿಯದೆ ಅದರ ಫಲವನ್ನು ಅಳೆಯಲಾಗದು. ಮುಖ್ಯವಾದದ್ದು ವರ್ತನಾ ಚಿಕಿತ್ಸೆ. ಭಯ ಹುಟ್ಟಿಸುವ ವಸ್ತುವನ್ನು ಉದ್ದೇಶಪೂರ್ವಕವಾಗಿ ಎದುರಿಸುವುದು, ಎದುರಿಸಿದ ಮೇಲೆ ಅಭ್ಯಾಸವಾದ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವುದು, ಇದೇ ಅದರ ತಿರುಳು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬವರು ಇಬ್ಬರು ರೋಗಿಗಳ ವಿಷಯದಲ್ಲಿ ಈ ಮಾರ್ಗ ಫಲಿಸಿದ್ದನ್ನು ವರದಿಮಾಡಿದರು. ಇಂದು ಮಕ್ಕಳಿಗೂ ಇದೇ ಮೊದಲ ಮಾರ್ಗ. ಮಗುವನ್ನು ಒಮ್ಮೆಗೇ ದೊಡ್ಡ ಭಯದ ಮುಂದೆ ನಿಲ್ಲಿಸುವುದಿಲ್ಲ. ಭಯಗಳನ್ನೆಲ್ಲ ಏಣಿಯ ಮೆಟ್ಟಿಲುಗಳಂತೆ ಜೋಡಿಸಿಕೊಂಡು ಕೆಳಗಿನದರಿಂದ ಆರಂಭಿಸುತ್ತಾರೆ. ನಮ್ಮ ಹುಡುಗ ಮೊದಲು ತನ್ನ ಶಾಲೆಯ ಚೀಲವನ್ನು ಮುಟ್ಟಿ ಹತ್ತು ನಿಮಿಷ ಕೈ ತೊಳೆಯದೆ ಕೂರಬೇಕು. ಭಯ ಏರುತ್ತದೆ, ಕುದಿಯುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಭಯ ಇಳಿಯಿತು, ಅಮ್ಮನಿಗೂ ಏನೂ ಆಗಲಿಲ್ಲ ಎಂಬ ಪಾಠವನ್ನು ಮೈಯೇ ಕಲಿಯುತ್ತದೆ. ರೋಗ ಹೆಚ್ಚಾಗಿದ್ದರೆ ಸರ್ಟ್ರಾಲಿನ್, ಫ್ಲೂವಾಕ್ಸಮಿನ್ ಮೊದಲಾದ ಔಷಧಗಳನ್ನೂ ವೈದ್ಯರು ಕೊಡುತ್ತಾರೆ. ಅವು ತಲೆನೋವಿನ ಮಾತ್ರೆಯಂತೆ ಅಂದೇ ಕೆಲಸ ಮಾಡುವಂಥವಲ್ಲ. ಸರಿಯಾದ ಪ್ರಮಾಣದಲ್ಲಿ ಎಂಟು ಹತ್ತು ವಾರಗಳಾದರೂ ಕಳೆಯದೆ ಅವುಗಳ ಗುಣದೋಷವನ್ನು ತೀರ್ಮಾನಿಸುವಂತಿಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ, ನಮ್ಮನ್ನು ಸುಲಭವಾಗಿ ಮೋಸಗೊಳಿಸುವ ಮೂರು ಗುರುತುಗಳನ್ನು ಗಮನಿಸೋಣ.

ಮೊದಲನೆಯದು ಮನೆಯ ಶಾಂತಿ. ಎರಡು ಮನೆಗಳಿವೆಯೆನ್ನಿ. ಒಂದರಲ್ಲಿ ಗಲಾಟೆಯೇ ಇಲ್ಲ. ಏಕೆಂದರೆ ಹುಡುಗ ಕೇಳುವ ಮೊದಲೇ ತಾಯಿ ಕೈ ತೊಳೆದುಕೊಂಡು ಅನ್ನ ಬಡಿಸುತ್ತಾಳೆ. ತಂದೆ ಹೊರಗಿನ ಬಟ್ಟೆಯನ್ನು ಹೊಸಲಿನಲ್ಲೇ ಕಳಚುತ್ತಾನೆ. ಹುಡುಗನ ಬದಲು ಅಕ್ಕ ಬಾಗಿಲ ಚಿಲಕ ತೆಗೆಯುತ್ತಾಳೆ. 'ಏನೂ ಆಗೋಲ್ಲ' ಎಂಬ ಉತ್ತರ ದಿನಕ್ಕೆ ಐವತ್ತು ಸಲ ಸಿದ್ಧವಾಗಿರುತ್ತದೆ. ಇನ್ನೊಂದು ಮನೆಯಲ್ಲಿ ಸಂಜೆಯಾದರೆ ಅಳು, ಮುನಿಸು. ಅಲ್ಲಿ ತಾಯಿ ಚಿಕಿತ್ಸಕರ ಸಲಹೆಯಂತೆ, "ಆ ಪ್ರಶ್ನೆಗೆ ಉತ್ತರ ಹೇಳೋಲ್ಲ ಅಂತ ನಾವಿಬ್ಬರೂ ಒಪ್ಪಿದ್ದೇವಲ್ಲ ಕಂದಾ" ಎಂದು ಮೃದುವಾಗಿ ಹೇಳಿ ಸುಮ್ಮನಾಗುತ್ತಾಳೆ. ನೆಂಟರು ಬಂದು ನೋಡಿದರೆ ಮೊದಲ ಮನೆಯ ಮಗುವೇ ವಾಸಿ ಎನ್ನುತ್ತಾರೆ. ವಾಸ್ತವದಲ್ಲಿ ಗುಣದ ದಾರಿ ಹಿಡಿದಿರುವುದು ಎರಡನೆಯ ಮಗು. ಮೊದಲ ಮನೆಯಲ್ಲಿ ರೋಗ ಕಡಿಮೆಯಾಗಿಲ್ಲ. ಅದರ ಹೊರೆಯನ್ನು ಮನೆಯವರೆಲ್ಲ ಹಂಚಿಕೊಂಡಿದ್ದಾರೆ, ಅಷ್ಟೆ. ಪ್ರೀತಿಯಿಂದ ಮಾಡುವ ಈ ಸಹಕಾರವು ಗೀಳಿಗೆ ನೀರೆರೆಯುತ್ತದೆ. ಇದನ್ನು ಕ್ರಮವಾಗಿ ಅಧ್ಯಯನ ಮಾಡಿ 1995ರಲ್ಲಿ ವರದಿಮಾಡಿದವರು ಅಮೆರಿಕದ ಲೀಸಾ ಕಾಲ್ವೊಕೊರೆಸಿ ಮತ್ತು ಅವರ ಸಂಗಡಿಗರು. ಆದ್ದರಿಂದ ಮಗುವಿನ ಗುಣವನ್ನು ಅಳೆಯುವವರು ಮನೆಯವರ ಪಾಲನ್ನೂ ಕೇಳಿಯೇ ಕೇಳುತ್ತಾರೆ: ಗೀಳಿಗಾಗಿ ನೀವು ಈ ವಾರ ಏನೇನು ಮಾಡಿದಿರಿ? ಮಾಡದೆ ಬಿಟ್ಟದ್ದು ಯಾವುದು?

ಎರಡನೆಯದು ಕಣ್ಣಿಗೆ ಕಾಣುವ ಕ್ರಿಯೆ ನಿಂತುಹೋಗುವುದು. ಹುಡುಗ ಕೈ ತೊಳೆಯುವುದನ್ನು ಬಿಟ್ಟ, ಹಿರಿಯರಿಗೆ ಸಂತೋಷ. ಆದರೆ ಬೈಗುಳಕ್ಕೆ ಹೆದರಿ ಆ ಕ್ರಿಯೆ ಮನಸ್ಸಿನ ಒಳಕ್ಕೆ ಇಳಿದಿರಬಹುದು. ತೊಳೆಯುವುದರ ಬದಲು ಅವನು ಒಳಗೊಳಗೇ ನಾಲ್ಕರ ವರೆಗೆ ನಾಲ್ಕು ಸಲ ಎಣಿಸುತ್ತಿರಬಹುದು. ದೇವರ ಹೆಸರನ್ನು ತಪ್ಪಿಲ್ಲದೆ ಇಪ್ಪತ್ತೊಂದು ಸಲ ಹೇಳಿ, ನಡುವೆ ಎಲ್ಲೋ ತಪ್ಪಿತೆಂದು ಮೊದಲಿನಿಂದ ಆರಂಭಿಸುತ್ತಿರಬಹುದು. ಹೊರಗೆ ನೋಡಿದರೆ ಪುಸ್ತಕದ ಮುಂದೆ ಕುಳಿತ ಸುಶೀಲ ಬಾಲಕ. ಒಳಗೆ ಬಿಡುವಿಲ್ಲದ ಜೀತ. ಇನ್ನು ಕೆಲವು ಮಕ್ಕಳು ಭಯದ ವಸ್ತುಗಳ ಬಳಿಗೇ ಹೋಗದೆ ತಪ್ಪಿಸಿಕೊಳ್ಳುತ್ತಾರೆ. ಆಟದ ಬಯಲಿಗೆ ಹೋಗದ ಹುಡುಗನಿಗೆ ಕೈ ತೊಳೆಯುವ ಪ್ರಮೇಯವೇ ಬರುವುದಿಲ್ಲ. ಅವನ ಲೋಕ ಕಿರಿದಾದುದರಿಂದ ಕ್ರಿಯೆ ಕಿರಿದಾಯಿತೇ ಹೊರತು ಭಯ ಕಿರಿದಾಗಲಿಲ್ಲ.

ಮೂರನೆಯದು ಇವೆರಡಕ್ಕೂ ವಿರುದ್ಧವಾದದ್ದು: ಸುಧಾರಣೆಯೇ ಹಿನ್ನಡೆಯಂತೆ ತೋರುವುದು. ಎದುರಿಸುವ ಚಿಕಿತ್ಸೆ ಆರಂಭವಾದ ದಿನಗಳಲ್ಲಿ ಮಗುವಿನ ಸಂಕಟ ಕೊಂಚ ಏರುವುದು ಸಹಜ. ಏಣಿ ಹತ್ತುವವನಿಗೆ ಕಾಲು ನಡುಗಿದರೆ ಅದು ಹತ್ತುತ್ತಿರುವುದರ ಗುರುತು. ಇನ್ನೊಂದು ಸೂಕ್ಷ್ಮವೂ ಉಂಟು. ಮೊದಲ ಭೇಟಿಯಲ್ಲಿ ಮಗು ವೈದ್ಯರ ಮುಂದೆ ಎಲ್ಲವನ್ನೂ ಹೇಳುವುದಿಲ್ಲ. ದೇವರನ್ನು ಬೈಯುವಂಥ ಮಾತು, ತಮ್ಮನನ್ನು ತಾನೇ ನೋಯಿಸಿಬಿಟ್ಟೇನೆಂಬ ಚಿತ್ರ, ಇಂಥವು ತಾನಾಗಿ ಬಂದು ಕಾಡುವಾಗ ಮಗು ತನ್ನನ್ನು ಪಾಪಿಯೆಂದೇ ತಿಳಿದುಕೊಂಡಿರುತ್ತದೆ. ಎರಡು ಮೂರು ಭೇಟಿಗಳಲ್ಲಿ ನಂಬಿಕೆ ಹುಟ್ಟಿದ ಮೇಲೆ ಬಾಯಿಬಿಡುತ್ತದೆ. ಆಗ ಅಳತೆಯ ಅಂಕ ಹಿಂದಿಗಿಂತ ಹೆಚ್ಚಾಗಬಹುದು. ಹೆಚ್ಚಿದ್ದು ರೋಗವಲ್ಲ, ವಿಶ್ವಾಸ. ಇದನ್ನು ತಿಳಿಯದ ತಂದೆ, 'ಇವರ ಬಳಿಗೆ ಬಂದ ಮೇಲೆ ಇನ್ನೂ ಜಾಸ್ತಿಯಾಯಿತು' ಎಂದು ಎದ್ದುಹೋದರೆ ಮಗು ಬಾಗಿಲ ವರೆಗೆ ಬಂದು ಹಿಂದಿರುಗಿದಂತಾಯಿತು.

ಹಾಗಾದರೆ ನಂಬತಕ್ಕ ಅಳತೆ ಯಾವುದು? ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಯೇಲ್-ಬ್ರೌನ್ ಮಾಪಕ. ಯೇಲ್ ಮತ್ತು ಬ್ರೌನ್ ಎಂಬ ಅಮೆರಿಕದ ಎರಡು ವಿಶ್ವವಿದ್ಯಾನಿಲಯಗಳಿಂದ ಅದಕ್ಕೆ ಆ ಹೆಸರು. ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು 1989ರಲ್ಲಿ ದೊಡ್ಡವರಿಗಾಗಿ ಇದನ್ನು ಪ್ರಕಟಿಸಿದರು. ಮಕ್ಕಳಿಗೆ ಹೊಂದಿಸಿದ ರೂಪದ ಪರೀಕ್ಷಣೆಯನ್ನು ಲಾರೆನ್ಸ್ ಸ್ಕಾಹಿಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಇದು ಮಗುವಿನ ಕೈಗೆ ಕೊಟ್ಟು ಗುರುತುಹಾಕಿಸುವ ಪಟ್ಟಿಯಲ್ಲ. ತಜ್ಞರು ಮಗುವಿನೊಡನೆಯೂ ತಂದೆತಾಯಿಗಳೊಡನೆಯೂ ಮಾತಾಡಿ, ಕಳೆದ ವಾರವನ್ನು ಗಮನದಲ್ಲಿಟ್ಟುಕೊಂಡು ತುಂಬುವ ಮಾಪಕ.

ಅದರ ವಿಶೇಷವೇನೆಂದರೆ, ಮಗುವಿಗೆ ಇರುವುದು ಕೊಳೆಯ ಭಯವೋ, ಎಣಿಕೆಯ ಕಾಟವೋ, ಪಾಪದ ಅಂಜಿಕೆಯೋ ಎಂಬುದರ ಮೇಲೆ ಅಂಕ ಕೊಡುವುದಿಲ್ಲ. ಗೀಳು ಯಾವುದೇ ಇರಲಿ, ಐದು ಪ್ರಶ್ನೆಗಳು. ದಿನಕ್ಕೆ ಎಷ್ಟು ಹೊತ್ತನ್ನು ಅದು ನುಂಗುತ್ತದೆ? ಓದಿಗೆ, ಆಟಕ್ಕೆ, ಸ್ನೇಹಕ್ಕೆ ಎಷ್ಟು ಅಡ್ಡಿಮಾಡುತ್ತದೆ? ಎಷ್ಟು ಸಂಕಟ ಕೊಡುತ್ತದೆ? ಮಗು ಅದನ್ನು ಎದುರಿಸಿ ನಿಲ್ಲಲು ಎಷ್ಟು ಪ್ರಯತ್ನಿಸುತ್ತದೆ? ಪ್ರಯತ್ನಿಸಿದಾಗ ಎಷ್ಟರಮಟ್ಟಿಗೆ ಅದು ಹಿಡಿತಕ್ಕೆ ಬರುತ್ತದೆ? ಈ ಐದನ್ನು ಆಲೋಚನೆಗಳಿಗೆ ಒಮ್ಮೆ, ಕ್ರಿಯೆಗಳಿಗೆ ಒಮ್ಮೆ ಕೇಳುತ್ತಾರೆ. ಒಟ್ಟು ಹತ್ತು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ 4ರ ವರೆಗೆ ಅಂಕ; ಮೊತ್ತ 40. ನಮ್ಮ ಪರೀಕ್ಷೆಗಳಂತಲ್ಲದೆ ಇಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು. ಸಾಮಾನ್ಯವಾಗಿ 8ರಿಂದ 15ರ ವರೆಗೆ ಸೌಮ್ಯವೆಂದೂ, 16ರಿಂದ 23 ಮಧ್ಯಮವೆಂದೂ, 24ರಿಂದ 31 ತೀವ್ರವೆಂದೂ, ಅದಕ್ಕೂ ಮೇಲೆ ಅತಿತೀವ್ರವೆಂದೂ ಎಣಿಸುವುದುಂಟು.

ಎಷ್ಟು ಇಳಿದರೆ ಫಲ ದೊರೆಯಿತೆನ್ನಬೇಕು? 2016ರಲ್ಲಿ ಹಲವು ದೇಶಗಳ ತಜ್ಞರು ಈ ವಿಷಯದಲ್ಲಿ ಒಮ್ಮತಕ್ಕೆ ಬಂದರು. ಮೊದಲಿನ ಅಂಕದಲ್ಲಿ ನೂರಕ್ಕೆ 35ರಷ್ಟಾದರೂ ಇಳಿದು, ಒಟ್ಟಾರೆ ನೋಟದಲ್ಲಿಯೂ ಮಗು ಚೆನ್ನಾಗಿ ಸುಧಾರಿಸಿದೆಯೆಂದು ತಜ್ಞರಿಗೆ ತೋರಿದರೆ ಚಿಕಿತ್ಸೆ ಫಲಿಸುತ್ತಿದೆಯೆಂದು ಅರ್ಥ. ಅಂಕ 12ಕ್ಕೋ ಅದಕ್ಕೂ ಕೆಳಕ್ಕೋ ಬಂದು, ರೋಗದ ಕಾಟ ಬಹುಮಟ್ಟಿಗೆ ತಗ್ಗಿದ್ದರೆ ಅದು ಉಪಶಮನ. ಆ ಸ್ಥಿತಿ ಒಂದು ವರ್ಷವಾದರೂ ನಿಂತರೆ ಚೇತರಿಕೆ. ಈ ಮೂರು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ತಂದೆತಾಯಿಗಳಿಗೂ ಅವಶ್ಯ. 26 ಅಂಕದ ಮಗು 16ಕ್ಕೆ ಇಳಿದರೆ ಚಿಕಿತ್ಸೆ ಫಲಿಸಿದೆ, ನಿಜ. ಆದರೆ ಮಗು ಇನ್ನೂ ಮಧ್ಯಮ ಪ್ರಮಾಣದ ರೋಗದಲ್ಲಿಯೇ ಇದೆ. ಅಲ್ಲಿ ಸಂತೋಷಪಡುವುದು ನ್ಯಾಯ, ನಿಲ್ಲಿಸುವುದು ಅನ್ಯಾಯ.

ಅಂಕವೆಂಬುದು ಅಂಕವೇ, ಅದಕ್ಕೆ ತನ್ನ ಮಿತಿಯಿದೆ. ಹೊತ್ತಿನ ಪ್ರಶ್ನೆಯನ್ನೇ ನೋಡಿ. ದಿನಕ್ಕೆ ಒಂದು ಗಂಟೆಗಿಂತ ಕಡಿಮೆಯಾದರೆ 1, ಒಂದರಿಂದ ಮೂರು ಗಂಟೆಯಾದರೆ 2, ಮೂರು ದಾಟಿ ಎಂಟರ ವರೆಗೆ 3, ಎಂಟು ದಾಟಿದರೆ 4. ದಿನಕ್ಕೆ ಏಳು ಗಂಟೆ ಗೀಳಿನಲ್ಲಿ ಕಳೆಯುತ್ತಿದ್ದ ಮಗು ನಾಲ್ಕು ಗಂಟೆಗೆ ಇಳಿದರೆ ಈ ಪ್ರಶ್ನೆಯಲ್ಲಿ ಅಂದೂ 3, ಇಂದೂ 3. ಕಾಗದದ ಮೇಲೆ ಏನೂ ಬದಲಾಗಲಿಲ್ಲ. ಆದರೆ ಮಗುವಿಗೆ ಪ್ರತಿದಿನ ಮೂರು ಗಂಟೆ ಮರಳಿ ದೊರೆಯಿತು. ಮೂರು ಗಂಟೆಯೆಂದರೆ ಒಂದು ಆಟ, ಒಂದು ಊಟ, ಒಂದು ಪಾಠ. ಮಾಪಕ ಹೇಳದ ಈ ಮಾತನ್ನು ಪಕ್ಕದಲ್ಲಿ ಬರೆದಿಡುವವರು ಬೇಕು.

ಮಾಪಕವನ್ನು ಮಾಡಿದವರಿಗೂ ಇದರ ಕೊರತೆಗಳು ತಿಳಿಯದೆ ಇರಲಿಲ್ಲ. ಮಗು ಕೆಟ್ಟ ಆಲೋಚನೆಯನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ಹೆಚ್ಚು ತಡೆದಷ್ಟೂ ಆರೋಗ್ಯವೆಂದು ಹಳೆಯ ಲೆಕ್ಕ. ಆದರೆ ಚಿಕಿತ್ಸೆಯಲ್ಲಿ ಕಲಿಸುವುದೇ ಬೇರೆ: ಆಲೋಚನೆಯೊಡನೆ ಗುದ್ದಾಡಬೇಡ, ಬಂದದ್ದು ಬರಲಿ, ಕ್ರಿಯೆಯನ್ನು ಮಾತ್ರ ಮಾಡಬೇಡ. ಹೀಗಿರುವಾಗ ಪಾಠವನ್ನು ಚೆನ್ನಾಗಿ ಕಲಿತ ಮಗುವಿಗೇ ಕೆಟ್ಟ ಅಂಕ ಬರುವ ಸಂಭವವಿತ್ತು. ದೊಡ್ಡವರ ಮಾಪಕವನ್ನು 2010ರಲ್ಲಿ ಪರಿಷ್ಕರಿಸಿದಾಗ ಈ ಪ್ರಶ್ನೆಯನ್ನು ತೆಗೆದು, ಆಲೋಚನೆಯ ಕಾಟವಿಲ್ಲದೆ ಎಷ್ಟು ಹೊತ್ತು ಕಳೆಯುತ್ತದೆ ಎಂಬ ಪ್ರಶ್ನೆಯನ್ನು ಸೇರಿಸಿದರು. ಮುಂದೆ ಮಕ್ಕಳ ಮಾಪಕವೂ ಪರಿಷ್ಕೃತವಾಯಿತು. ಪರೀಕ್ಷಕನನ್ನೂ ಆಗಾಗ ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಅಳತೆಗೋಲಿನಷ್ಟೇ ಮುಖ್ಯವಾದದ್ದು ಸಾಕ್ಷಿಗಳ ಪ್ರಶ್ನೆ. ಮಗುವಿನ ಸ್ಥಿತಿಯನ್ನು ಹೇಳುವವರು ಮೂವರು: ಮಗು, ಮನೆಯವರು, ಶಾಲೆಯ ಉಪಾಧ್ಯಾಯರು. ಮೂವರ ಮಾತೂ ಒಂದೇ ಆಗಿರುವುದು ಅಪರೂಪ. ಮನಸ್ಸಿನ ಒಳಗಿನದು ಮಗುವಿಗೆ ಮಾತ್ರ ಗೊತ್ತು. ಆದರೆ ನಾಚಿಕೆಯಿಂದ ಕಡಿಮೆಮಾಡಿ ಹೇಳುತ್ತದೆ. ಹೊತ್ತಿನ ಲೆಕ್ಕ ತಾಯಿಗೆ ಹೆಚ್ಚು ಗೊತ್ತು. ಆದರೆ ಆಕೆ ದಣಿದ ದಿನ ಎಲ್ಲವೂ ಹೆಚ್ಚಾಗಿಯೇ ಕಾಣುತ್ತದೆ. ಶಾಲೆಯಲ್ಲಿ ಮಗು ಕಷ್ಟಪಟ್ಟು ಅಡಗಿಸಿಕೊಂಡಿರುವುದರಿಂದ ಉಪಾಧ್ಯಾಯರಿಗೆ ಏನೂ ತೋರದೆ ಇರಬಹುದು. ಅಥವಾ, ಉತ್ತರವೆಲ್ಲ ತಿಳಿದಿದ್ದೂ ಅರ್ಧ ಪತ್ರಿಕೆಯನ್ನು ಖಾಲಿ ಬಿಟ್ಟ ಹುಡುಗನನ್ನು ಅವರು ಸೋಮಾರಿಯೆಂದು ತಿಳಿದಿರಬಹುದು. ಒಂದೇ ವಾಕ್ಯವನ್ನು ಹತ್ತು ಸಲ ತಿದ್ದುತ್ತ ಕುಳಿತಿದ್ದವನು ಅವನು. ಆದ್ದರಿಂದ ಮೂರು ಮಾತುಗಳಲ್ಲಿ ಒಂದನ್ನು ನಿಜವೆಂದೂ ಉಳಿದವನ್ನು ಸುಳ್ಳೆಂದೂ ತಳ್ಳುವುದಲ್ಲ. ಮೂರನ್ನೂ ಇಟ್ಟುಕೊಂಡು, ಏಕೆ ಬೇರೆಯಾದವು ಎಂದು ಕೇಳಬೇಕು. ಅನೇಕವೇಳೆ ಆ ಅಂತರದಲ್ಲೇ ಮುಂದಿನ ಚಿಕಿತ್ಸೆಯ ಸುಳಿವು ಇರುತ್ತದೆ.

ನಮ್ಮ ನಾಡಿನ ಮನೆಗಳಲ್ಲಿ ಅಳೆಯುವವರಿಗೆ ಇನ್ನೊಂದು ತೊಡಕುಂಟು. ಮಡಿ, ಮೈಲಿಗೆ, ಸ್ನಾನ, ಪ್ರದಕ್ಷಿಣೆಗಳ ಸಂಪ್ರದಾಯವಿರುವ ಮನೆಯಲ್ಲಿ ಮಗುವಿನ ಗೀಳು ಬಹುಕಾಲ ಆಚಾರದ ಮರೆಯಲ್ಲಿ ಅಡಗಿರಬಲ್ಲದು. 'ನಮ್ಮ ಹುಡುಗಿಗೆ ಅಜ್ಜಿಯ ಹಾಗೆ ಮಡಿ ಹೆಚ್ಚು' ಎಂದು ಹೆಮ್ಮೆಪಟ್ಟುಕೊಂಡವರೂ ಇರಬಹುದು. ಆಚಾರವನ್ನು ರೋಗವೆನ್ನಬೇಕಾಗಿಲ್ಲ, ರೋಗವನ್ನು ಆಚಾರವೆನ್ನಲೂ ಬಾರದು. ಭೇದ ತಿಳಿಯುವುದು ಹೀಗೆ: ಆಚಾರಕ್ಕೆ ಒಂದು ಮೇರೆಯಿದೆ. ಮೂರು ಪ್ರದಕ್ಷಿಣೆ ಎಂದರೆ ಮೂರಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ಮನಸ್ಸಿಗೆ ನೆಮ್ಮದಿ. ಗೀಳಿಗೆ ಮೇರೆಯಿಲ್ಲ. ಮೂರನೆಯದು ಸರಿಯಾಯಿತೆ ಎಂಬ ಶಂಕೆ ನಾಲ್ಕನೆಯದನ್ನು, ಆ ಶಂಕೆ ಐದನೆಯದನ್ನು ಹುಟ್ಟಿಸುತ್ತದೆ. ಮನೆಯ ಹಿರಿಯರೇ 'ಸಾಕು ಮಗು' ಎಂದರೂ ಮಗುವಿಗೆ ಸಾಲದು. ಹೀಗಾಗಿ ಇಂಥ ಮನೆಯಲ್ಲಿ ಗುಣವೆಂದರೆ ಮಗು ಆಚಾರವನ್ನು ಬಿಡುವುದಲ್ಲ. ಮನೆಯ ಇತರರಂತೆ ಅದನ್ನು ಒಮ್ಮೆ ಮಾಡಿ ಮುಗಿಸಿ ಎದ್ದುಬರುವುದು.

ಕಾಲದ ಮಾತಿಗೆ ಬರೋಣ. ಎಷ್ಟು ದಿನ ಕಾಯಬೇಕು? 2004ರಲ್ಲಿ ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 112 ಮಕ್ಕಳ ಮೇಲೆ ನಡೆದ ಹನ್ನೆರಡು ವಾರಗಳ ಪ್ರಸಿದ್ಧ ಅಧ್ಯಯನವೊಂದು ಪ್ರಕಟವಾಯಿತು. ಅಂಕ 10ಕ್ಕೋ ಅದಕ್ಕೂ ಕೆಳಕ್ಕೋ ಇಳಿದರೆ ಉಪಶಮನವೆಂದು ಅವರ ಕಟ್ಟುನಿಟ್ಟು. ವರ್ತನಾ ಚಿಕಿತ್ಸೆ ಮತ್ತು ಸರ್ಟ್ರಾಲಿನ್ ಎರಡನ್ನೂ ಪಡೆದವರಲ್ಲಿ ನೂರಕ್ಕೆ 53.6, ವರ್ತನಾ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ 39.3, ಔಷಧವೊಂದನ್ನೇ ಪಡೆದವರಲ್ಲಿ 21.4, ಬರಿಯ ಹುಸಿಮಾತ್ರೆ ಪಡೆದವರಲ್ಲಿ 3.6 ಮಂದಿ ಆ ಗುರಿಯನ್ನು ಮುಟ್ಟಿದರು. ಈ ಅಂಕಿಗಳಿಂದ ಎರಡು ಪಾಠ. ಚಿಕಿತ್ಸೆ ನಿಜವಾಗಿ ಕೆಲಸಮಾಡುತ್ತದೆ. ಸುಮ್ಮನೆ ಕಾದರೆ ತಾನಾಗಿ ಹೋಗುತ್ತದೆಂಬುದು ಬರಿಯ ಆಸೆ. ಇನ್ನೊಂದು, ಅತ್ಯುತ್ತಮವಾದ ಜೋಡಿ ಚಿಕಿತ್ಸೆಯಲ್ಲಿಯೂ ಮೂರು ತಿಂಗಳ ಕೊನೆಗೆ ಅರ್ಧದಷ್ಟು ಮಕ್ಕಳು ಆ ಗುರಿಯ ಈಚೆಗೇ ಇದ್ದರು. ಅವರು ಸೋತವರಲ್ಲ, ಇನ್ನೂ ದಾರಿಯಲ್ಲಿದ್ದವರು.

ದಾರಿಯಲ್ಲಿದ್ದವರ ಗತಿಯೇನು ಎಂಬುದಕ್ಕೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳ ಅಧ್ಯಯನವೊಂದು ಉತ್ತರ ಕೊಡುತ್ತದೆ. 2015ರಲ್ಲಿ ಪ್ರಕಟವಾದ ಅದರಲ್ಲಿ 269 ಮಕ್ಕಳಿಗೆ ಹದಿನಾಲ್ಕು ವಾರಗಳ ವರ್ತನಾ ಚಿಕಿತ್ಸೆ ದೊರೆಯಿತು. ನೂರಕ್ಕೆ 72.6 ಮಕ್ಕಳ ಅಂಕ 15ಕ್ಕೋ ಕೆಳಕ್ಕೋ ಬಂದಿತು. ಅಷ್ಟಕ್ಕೆ ಫಲ ಕಾಣದ ಮಕ್ಕಳಲ್ಲಿ ಕೆಲವರಿಗೆ ಅದೇ ಚಿಕಿತ್ಸೆಯನ್ನು ಮುಂದುವರಿಸಿದರು, ಕೆಲವರಿಗೆ ಔಷಧ ಕೊಟ್ಟರು. ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಸುಧಾರಿಸಿದರು. ಮೊದಲ ಅಳತೆಯಲ್ಲಿ ಫಲ ಕಾಣದಿದ್ದರೆ ಅದು ಚಿಕಿತ್ಸೆಯನ್ನು ಕೈಬಿಡುವ ಸೂಚನೆಯಲ್ಲ, ಮುಂದುವರಿಸುವ ಅಥವಾ ಮಾರ್ಗ ಬದಲಿಸುವ ಸೂಚನೆ ಎಂಬುದು ಇದರಿಂದ ವೇದ್ಯ.

ಗೀಳುರೋಗ ಏರಿಳಿಯುವ ರೋಗ. ಪರೀಕ್ಷೆಯ ದಿನಗಳಲ್ಲಿ, ಊರು ಶಾಲೆ ಬದಲಾದಾಗ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಅದು ಮತ್ತೆ ತಲೆಯೆತ್ತಬಹುದು. ಹಿಂದಿನ ಹದಿನಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 521 ಮಕ್ಕಳ ಮುಂದಿನ ಸ್ಥಿತಿಯನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಬರೆಹದ ಪ್ರಕಾರ, ನೂರಕ್ಕೆ 41 ಮಂದಿಯಲ್ಲಿ ರೋಗ ಪೂರ್ಣರೂಪದಲ್ಲಿ ಉಳಿದಿತ್ತು. ಬಾಲ್ಯದ ಗೀಳು ಜೀವಮಾನದ ಶಿಕ್ಷೆಯೆಂಬ ಭಯ ಹಾಗಾದರೆ ನಿಜವಲ್ಲ. ಆದರೆ ಉದಾಸೀನಕ್ಕೂ ಎಡೆಯಿಲ್ಲ. ಒಂದು ಕೆಟ್ಟ ದಿನ ಮರುಕಳಿಕೆಯಲ್ಲ, ಒಂದು ಒಳ್ಳೆಯ ದಿನ ಗುಣವೂ ಅಲ್ಲ. ವಾರಗಳ ಓಟವನ್ನು ನೋಡಬೇಕು. ಔಷಧವನ್ನು ಸುಧಾರಿಸಿದ ಮೇಲೆಯೂ ತಿಂಗಳುಗಟ್ಟಲೆ ಮುಂದುವರಿಸಿ, ವೈದ್ಯರ ಮಾತಿನಂತೆ ಮೆಲ್ಲಮೆಲ್ಲನೆ ಇಳಿಸಬೇಕೇ ಹೊರತು ಮನೆಯವರೇ ನಿಲ್ಲಿಸಬಾರದು.

ಮನೆಯಲ್ಲಿ ಮಾಡಬಹುದಾದ ಅಳತೆಯೊಂದಿದೆ. ಅದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ಅದರಲ್ಲಿ ನಾಲ್ಕು ಸಾಲು ಬರೆಯುವುದು. ಈ ವಾರ ಗೀಳಿಗೆ ದಿನಕ್ಕೆ ಸುಮಾರು ಎಷ್ಟು ಹೊತ್ತು ಹೋಯಿತು? ಮಗು ಬಿಟ್ಟಿದ್ದ ಯಾವ ಕೆಲಸವನ್ನು ಮತ್ತೆ ಹಿಡಿಯಿತು? ಮನೆಯವರಾಗಿ ನಾವು ಗೀಳಿಗೆ ಯಾವ ಸಹಾಯ ಮಾಡಿದೆವು, ಯಾವುದನ್ನು ಬಿಟ್ಟೆವು? ಮಗುವೇ ತನ್ನ ಭಯಕ್ಕೆ ಸೊನ್ನೆಯಿಂದ ಹತ್ತರ ವರೆಗೆ ಎಷ್ಟು ಅಂಕ ಕೊಟ್ಟಿತು? ಇಷ್ಟು ಸಾಕು. ಗಡಿಯಾರ ಹಿಡಿದು ಬಚ್ಚಲಮನೆಯ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಗಳಿಗೆಗೊಮ್ಮೆ 'ಈಗ ಹೇಗಿದೆ?' ಎಂದು ಕೇಳುವುದೂ ಒಳ್ಳೆಯದಲ್ಲ. ಮಗುವಿನ ಗೀಳನ್ನು ಅಳೆಯುವುದೇ ಮನೆಯವರ ಗೀಳಾದೀತು. ಅಳತೆಯಲ್ಲಿ ಮಗುವನ್ನೂ ಪಾಲುಗಾರನನ್ನಾಗಿ ಮಾಡಿಕೊಳ್ಳಬೇಕು. ಚಿಕಿತ್ಸಕರು ಮಕ್ಕಳಿಗೆ ತಮ್ಮ ಗೀಳಿಗೆ ಒಂದು ಅಡ್ಡಹೆಸರಿಡಲು ಹೇಳುವುದುಂಟು. 'ಈ ವಾರ ನೀನು ಎಷ್ಟು ಸಲ ತೊಳೆದೆ?' ಎಂಬ ಪ್ರಶ್ನೆ ಆರೋಪದಂತೆ ಕೇಳುತ್ತದೆ. 'ಈ ವಾರ ಆ ತುಂಟನನ್ನು ಎಷ್ಟು ಸಲ ಸೋಲಿಸಿದೆ?' ಎಂಬುದು ಮಗುವಿನ ಪಕ್ಷದಲ್ಲಿ ನಿಂತು ಕೇಳುವ ಪ್ರಶ್ನೆ.

ಉಪಾಧ್ಯಾಯ ಮಿತ್ರರಿಗೂ ಒಂದು ಮಾತು. ಸದಾ ಅಳಿಸಿ ಬರೆಯುವ ಮಗು, ಶೌಚಾಲಯಕ್ಕೆ ಹೋಗಿ ಬಹಳ ಹೊತ್ತು ಬಾರದ ಮಗು, ಒಂದೇ ಪುಟವನ್ನು ಮುಗಿಸಲಾರದೆ ಕೂರುವ ಮಗು ನಿಮ್ಮ ತರಗತಿಯಲ್ಲಿದ್ದರೆ ದಂಡನೆಗೆ ಮೊದಲು ತಂದೆತಾಯಿಗಳೊಡನೆ ಮಾತಾಡಿ. ಚಿಕಿತ್ಸೆಯಲ್ಲಿರುವ ಮಗುವಾದರೆ ನಿಮ್ಮ ಎರಡು ಸಾಲಿನ ವರದಿ ವೈದ್ಯರಿಗೆ ಬಹು ಬೆಲೆಯುಳ್ಳದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೇ ಮೀಸಲಾದ ಚಿಕಿತ್ಸಾ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಕೊನೆಯದಾಗಿ ಇಷ್ಟನ್ನು ಹೇಳಬೇಕು. ಕೆಟ್ಟ ಆಲೋಚನೆ ಒಂದೂ ಬಾರದ ಮನಸ್ಸು ಈ ಲೋಕದಲ್ಲಿ ಯಾರಿಗೂ ಇಲ್ಲ. ನಮಗೂ ಬಾಗಿಲ ಅಗುಳಿ ಹಾಕಿದೆನೋ ಇಲ್ಲವೋ ಎಂಬ ಶಂಕೆ ಬರುತ್ತದೆ. ಒಮ್ಮೆ ನೋಡಿ ಮಲಗುತ್ತೇವೆ. ಗೀಳುರೋಗದ ಮಗುವಿನಿಂದ ನಾವು ಬಯಸಬೇಕಾದದ್ದೂ ಅಷ್ಟನ್ನೇ. ಶಂಕೆಯಿಲ್ಲದ ಮಗುವನ್ನಲ್ಲ, ಶಂಕೆ ಬಂದರೂ ಎದ್ದು ಆಡಲು ಹೋಗುವ ಮಗುವನ್ನು. ಮಾಪಕದ ಅಂಕ ವೈದ್ಯರಿಗೆ ಬೇಕು, ನಮಗೂ ಬೇಕು. ಅದರ ಜೊತೆಗೆ ಮನೆಯವರು ನೋಡಬೇಕಾದ ಲೆಕ್ಕ ಒಂದೇ: ಗೀಳು ಕಸಿದುಕೊಂಡಿದ್ದ ದಿನದ ಹೊತ್ತಿನಲ್ಲಿ ಎಷ್ಟು ಮಗುವಿಗೆ ಮರಳಿ ಬಂದಿತು? ಒಂದು ಸಂಜೆ ಅವನು ಮಣ್ಣಾದ ಕೈಯಲ್ಲೇ ಒಳಗೆ ಓಡಿಬಂದು, "ಅಮ್ಮಾ, ಹಸಿವು" ಎಂದರೆ, ಕೈ ತೊಳೆದುಕೊಂಡು ಬಾ ಎಂದು ತಾಯಿ ಅವನಿಗೆ ಹೇಳಬೇಕಾಗಿ ಬಂದರೆ, ಆ ವಾರದ ನೋಟುಪುಸ್ತಕದಲ್ಲಿ ಅದನ್ನು ಮರೆಯದೆ ಬರೆದಿಡಲಿ.